ದೊಡ್ಡಮ್ಮನ ಗುಬ್ಬಿ ಎಂಜಲು

ಸೀಬೆಹಣ್ಣನ್ನು ಸೆರಗಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ ಎರಡು ಮಾಡಿಕೊಟ್ಟರೆ ಅದು ಎಂಜಲಲ್ಲ, ಗುಬ್ಬಿ ಎಂಜಲು. ಹಿನಕಲ್‌ನ ನಮ್ಮ ಕುಸುಮ ದೊಡ್ಡಮ್ಮ ಅದನ್ನು ತನ್ನ ಅವ್ವನಿಂದ ಕಲಿತಿದ್ದಳು. ಆಗ ಹಿನಕಲ್ ಇನ್ನೂ ಹಳ್ಳಿ, ಹಿತ್ತಿಲಲ್ಲಿ ಸೀಬೆಮರವಿತ್ತು. ಈಗ ಆ ಜಾಗದಲ್ಲಿ ಬಾಡಿಗೆ ಮನೆಯ ಮೆಟ್ಟಿಲಿದೆ.

ದೊಡ್ಡಮ್ಮ ಕುವೆಂಪುನಗರದ ಹೆಂಗಸರ ರವಿಕೆ ಹೊಲಿಯುತ್ತಾಳೆ. ನಾನು ಚಿಕ್ಕವಳಿದ್ದಾಗ ಅವಳು ಕಚ್ಚಿ ಕೊಡುತ್ತಿದ್ದ ಹಣ್ಣಿಗೆ ಹೊಸ ಬಟ್ಟೆಯ ಗಂಜಿ, ಸೀಮೆಸುಣ್ಣ, ಮೆಷಿನ್ ಎಣ್ಣೆಯ ವಾಸನೆ ಇರುತ್ತಿತ್ತು. ಇವತ್ತಿಗೂ ಸೀಬೆಹಣ್ಣೆಂದರೆ ನನಗೆ ಆ ವಾಸನೆಯೇ.

ಅಜ್ಜಿ, ಅಂದರೆ ದೊಡ್ಡಮ್ಮನ ಅವ್ವ, ಹೊಟ್ಟೆ ಉರಿದಾಗಲೆಲ್ಲ "ಗ್ಯಾಸ್ಟ್ರಿಕ್ಕು ಕಣಮ್ಮ" ಎಂದು ಓಮಿನ ಕಾಳು ಅಗಿಯುತ್ತಿದ್ದಳು. ಅದು ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಹೋದ ವರ್ಷ ದೊಡ್ಡಮ್ಮನೂ ಹೊಟ್ಟೆಗೆ ಕೈಯೊತ್ತಿಕೊಂಡು ಅದೇ ಮಾತು ಹೇಳಿದಾಗ, ನಾನು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೊರಟೆ.

"ನಿಧಾನಕ್ಕೋಗೇ, ಕಾಯಿಲೆಗಿಂತ ಮುಂಚೆ ನೀನೇ ಸಾಯಿಸ್ಬುಟ್ಟೀಯ" ಎಂದು ದಾರಿಯುದ್ದಕ್ಕೂ ಬೈದಳು. ನನ್ನ ಹೆಗಲನ್ನು ಮಾತ್ರ ಬಿಡಲಿಲ್ಲ.

ಅಜ್ಜಿಯ ಕಥೆ ಕೇಳಿದ ಡಾಕ್ಟರ್ ಅಭಿರಾಮ ರಕ್ತ ಪರೀಕ್ಷೆ ಮಾಡಿಸಿದರು.

"ಅಮ್ಮ, ಹೊಟ್ಟೆಯೊಳಗೆ ಸೇರ್ಕೊಳ್ಳೋ ಒಂದು ಬ್ಯಾಕ್ಟೀರಿಯಾ ಇದೆ. ಅದು ನಿಮಗೆ ತಗುಲಿರೋ ಗುರುತು ರಕ್ತದಲ್ಲಿ ಕಾಣ್ತಿದೆ. ಹೊಟ್ಟೆಯ ಒಳಪದರ ಸವೆದಿರೋ ಸೂಚನೇನೂ ಇದೆ. ಕ್ಯಾನ್ಸರ್ ಇದೆ ಅಂತಲ್ಲ. ಮುಂದೆ ಬರೋ ಅಪಾಯ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಎಂಡೋಸ್ಕೋಪಿ ಮಾಡಿ ಒಳಗೆ ನೋಡ್ಬಿಡೋಣ."

"ಇದು ಎಲ್ಲಿಂದ ಬಂತು ಸಾ?" ದೊಡ್ಡಮ್ಮ ಕೇಳಿದಳು.

"ಸಾಮಾನ್ಯವಾಗಿ ಚಿಕ್ಕ ವಯಸ್ಸಲ್ಲಿ, ಮನೆಯವರಿಂದ್ಲೇ ಬರುತ್ತೆ, ಎಂಜಲಿಂದ್ಲೂ ಬರಬಹುದು. ಆದ್ರೆ ಇಂಥವರಿಂದ್ಲೇ ಅಂತ ಹೇಳಕ್ಕಾಗಲ್ಲ."

ಕೊನೆಯ ಮಾತು ದೊಡ್ಡಮ್ಮನ ಕಿವಿಗೆ ಬೀಳಲೇ ಇಲ್ಲ. ಅಂದಿನಿಂದ ಮೊಮ್ಮಗಳು ಅನನ್ಯಳಿಗೆ ಗುಬ್ಬಿ ಎಂಜಲು ನಿಂತಿತು. ಹಣ್ಣನ್ನು ಚಾಕುವಿನಲ್ಲಿ ಹೆಚ್ಚಿ, ತಟ್ಟೆಯಲ್ಲಿಟ್ಟು ಮಗುವಿನ ಕಡೆಗೆ ತಳ್ಳುತ್ತಿದ್ದಳು.

"ಅಜ್ಜಿ, ನನ್ ಮೇಲೆ ಕೋಪನಾ?" ಎಂದು ಅನನ್ಯ ಕೇಳಿದರೆ, ತಲೆಯೆತ್ತದೆ ಹೊಲಿಗೆ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದಳು.

ಎಂಡೋಸ್ಕೋಪಿಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಪದರ ತೆಳುವಾಗಿತ್ತು, ಆಗಾಗ ತೋರಿಸಿಕೊಳ್ಳಬೇಕೆಂದರು. ಬ್ಯಾಕ್ಟೀರಿಯಾಕ್ಕೆಂದು ಕೊಟ್ಟ ಮಾತ್ರೆಗಳು ಮುಗಿದು ಕೆಲವು ವಾರ ಕಳೆದ ಮೇಲೆ ದೊಡ್ಡಮ್ಮ ಡಾಕ್ಟರ ಮುಂದೆ ತೋಳು ಚಾಚಿ ಕೂತಳು.

"ರಕ್ತ ತಗಳಿ ಸಾ. ಅದು ಹೋಗಿದ್ದದೋ ಇಲ್ವೋ ನೋಡಿ."

"ರಕ್ತ ನೋಡಿದ್ರೆ ಅದು ಇನ್ನೂ ಇದೆ ಅಂತ್ಲೇ ತೋರಿಸ್ಬಹುದು ಅಮ್ಮ. ಬ್ಯಾಕ್ಟೀರಿಯಾ ಹೋದ್ಮೇಲೂ ರಕ್ತಕ್ಕೆ ಬಹಳ ಕಾಲ ಅದರ ಜ್ಞಾಪಕ ಇರುತ್ತೆ. ಉಸಿರಿನ ಪರೀಕ್ಷೆ ಮಾಡೋಣ, ಈ ಚೀಲಕ್ಕೆ ಊದಿ."

ಊದಿದಳು. ಬ್ಯಾಕ್ಟೀರಿಯಾ ಹೋಗಿತ್ತು.

ಸ್ಕೂಟರಿನ ಹತ್ತಿರ ಬಂದವಳು ಹತ್ತದೆ ನಿಂತಳು. "ಅವ್ವನಿಂದ್ಲೇ ಬಂದಿರೋದು ಕಣೆ. ಡಾಕ್ಟ್ರು ಬಾಯ್ಬುಟ್ಟು ಹೇಳಲ್ಲ, ಅಷ್ಟೇಯ." ಸೆರಗು ಸರಿಮಾಡಿಕೊಂಡಳು. "ರಕ್ತಕ್ಕೆ ಜ್ಞಾಪಕ ಇದ್ರೆ ಇರ್ಲಿ ಬುಡು."

ದಾರಿಯಲ್ಲಿ ತಳ್ಳುಗಾಡಿಯ ಮುಂದೆ ಗಾಡಿ ನಿಲ್ಲಿಸು ಎಂದಳು. ಮೆತ್ತಗೆ ಹಣ್ಣಾದ ಒಂದು ಸೀಬೆಯನ್ನು ಆರಿಸಿಕೊಂಡಳು.

ಮನೆಯಲ್ಲಿ ಅದನ್ನು ತೊಳೆದು ಸೆರಗಿನಲ್ಲಿ ಸುತ್ತಿದಳು. ಅನನ್ಯ ಓಡಿಬಂದು ಮುಂದೆ ಕೂತಳು. ದೊಡ್ಡಮ್ಮ ಗಂಟನ್ನು ಬಾಯಿಯ ತನಕ ಒಯ್ದು ನಿಲ್ಲಿಸಿದಳು. ಆಮೇಲೆ ಎರಡು ಅಂಗೈಗಳ ನಡುವೆ ಇಟ್ಟು ಒತ್ತಿದಳು. ಹಣ್ಣು ಬಿರಿಯಿತು.

"ಅಜ್ಜಿ, ನೀನು ಕಚ್ಲೇ ಇಲ್ಲ!"

"ಗುಬ್ಬಿಗೆ ಹಲ್ಲೆಲ್ಲಿರ್ತದೆ ಕಣೆ, ತಿನ್ನು."

ಅನನ್ಯ ಒಂದು ಕ್ಷಣ ಯೋಚಿಸಿ, ಹೋಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ತಿಂದಳು.