ಚಪ್ಪಡಿಯ ಮೇಲೆ ಒಂದು ಚೊಂಬು ನೀರು

ಆಂಡರ್ಸನ್‌ಪೇಟೆಯಲ್ಲಿ ಟೀ ಅಂಗಡಿ ಇನ್ನೂ ತೆರೆದಿಲ್ಲ. ಸೆಲ್ವರಾಜ್ ತಮ್ಮ ಶೆಡ್ಡಿನ ಮುಂದಿನ ಕಲ್ಲುಚಪ್ಪಡಿಯ ಮೇಲೆ ಒಂದು ಚೊಂಬು ನೀರು ಸುರಿದು, ಕುಕ್ಕರುಗಾಲಲ್ಲಿ ಕೂತು ನೋಡುತ್ತಾರೆ. ನೀರು ಯಾವ ಕಡೆಗೂ ಓಡದೆ ನಿಂತರೆ ಚಪ್ಪಡಿ ಸಮ ಇದೆ ಎಂದರ್ಥ. ಕುದುರೆ ಅದರ ಮೇಲೆ ಕಾಲಿಡುವುದು ಆಮೇಲೆ.

"ಇಳಿಜಾರಲ್ಲಿ ನಿಲ್ಸಿದ್ರೆ ಕುದ್ರೇನೂ ಸುಳ್ಳು ಹೇಳುತ್ತೆ ಸಾರ್," ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದ ನನಗೆ.

ಇವರ ಕಸುಬು ಲಾಳ ಕಟ್ಟುವುದು, ಜೊತೆಗೆ ಕುದುರೆಯ ಎತ್ತರ ಅಳೆದು ಹೇಳುವುದು. ತಾತ ಇಲ್ಲಿನ ಚಿನ್ನದ ಗಣಿ ಸಾಹೇಬರ ಕುದುರೆಗಳಿಗೆ ಲಾಳ ಕಟ್ಟಿದವರು, ಅಪ್ಪ ಬಂಗಾರಪೇಟೆ ಸ್ಟೇಷನ್ನಿನ ಜಟಕಾ ಕುದುರೆಗಳಿಗೆ. ಎತ್ತರದ ಲೆಕ್ಕ ಈ ಮನೆಗೆ ಬಂದದ್ದು ಹ್ಯಾಂಡ್‌ಗಳಲ್ಲಿ. ಒಂದು ಹ್ಯಾಂಡ್ ಎಂದರೆ ಹೆಬ್ಬೆರಳೂ ಸೇರಿ ಅಂಗೈಯ ಅಗಲ, ನಾಲ್ಕು ಇಂಚು. ನೆಲದಿಂದ ಭುಜದ ಉಬ್ಬಿನವರೆಗೆ ಇಷ್ಟು ಹ್ಯಾಂಡ್, ಮೇಲೆ ಇಷ್ಟು ಇಂಚು. ಕೋಲಾರ ರಸ್ತೆಯ ಸವಾರಿ ಶಾಲೆಗೆ ಮಾತ್ರ ಸೆಂಟಿಮೀಟರೇ ಬೇಕು. ಎಡವಿದ್ದು ಅಲ್ಲೇ.

ಕ್ಯಾಸಂಬಳ್ಳಿಯ ಇಂದ್ರಾಣಿ ಅವರದು ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಮನೆ. ಹೋದ ವರ್ಷ ಒಂದು ಕುದುರೆಯನ್ನು ಶಾಲೆಗೆ ಬಿಡಲು ಹೊರಟಿದ್ದರು. ಲಾಳವಿಲ್ಲದೆ 148 ಸೆಂಟಿಮೀಟರ್ ಮೀರಿದರೆ ಶಾಲೆ ಅದನ್ನು ಮಕ್ಕಳ ಸವಾರಿಗೆ ಸೇರಿಸುವುದಿಲ್ಲ. ಅಳತೆ ಹದಿನಾಲ್ಕು ಹ್ಯಾಂಡ್ ಮೂರು ಇಂಚು ಬಂತು. ಕಸುಬಿನವರು ಅದನ್ನು 14.3 ಎಂದೇ ಬರೆಯುವುದು. ಸೆಲ್ವರಾಜ್ ಆ 14.3 ಅನ್ನು ಹಾಗೇ ಮೊಬೈಲಿನಲ್ಲಿ ಒತ್ತಿ, ಹ್ಯಾಂಡಿಗೆ 10.16 ಸೆಂಟಿಮೀಟರಿನಂತೆ ಗುಣಿಸಿ, 145 ಎಂದುಬಿಟ್ಟರು. ಶಾಲೆಯಲ್ಲಿ ಅಳೆದಾಗ ಬಂದದ್ದು ಸುಮಾರು 150. ಇಂದ್ರಾಣಿ ಎಲ್ಲರೆದುರು ಕುದುರೆ ಹಿಡಿದುಕೊಂಡು ವಾಪಸಾದರು.

"ಚುಕ್ಕಿ ಆದ್ಮೇಲಿರೋದು ಮೂರು ಇಂಚು ಸಾರ್, ಹತ್ತರಲ್ಲಿ ಮೂರು ಭಾಗ ಅಲ್ಲ. ಹುಟ್ಟಿದಾಗಿಂದ ಗೊತ್ತು, ಆದ್ರೂ ಒತ್ಬಿಟ್ಟೆ. ಆ ಅಮ್ಮ ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಲೇ ಇಲ್ಲ." ಈಗ ಅವರು ಎಲ್ಲವನ್ನೂ ಮೊದಲು ಇಂಚು ಮಾಡಿ, ಆಮೇಲೆ 2.54ರಿಂದ ಗುಣಿಸುತ್ತಾರೆ.

ಇವತ್ತು ಅದೇ ಇಂದ್ರಾಣಿ ಗೌರಿ ಎಂಬ ಇನ್ನೊಂದು ಕುದುರೆಯೊಂದಿಗೆ ಬಂದಿದ್ದಾರೆ. ಪಟಾಕಿ ಸದ್ದಿಗೆ ಗೌರಿಯ ಮೈಯೆಲ್ಲ ನಡುಗುತ್ತದೆ. ಶಾಲೆ ಬೇಡವೆಂದರೆ ಮತ್ತೆ ಮೆರವಣಿಗೆಯೇ ಗತಿ.

"ಈ ಸಲ ಸರ್ಯಾಗ್ ನೋಡಣ್ಣೋ. ಇವ್ಳು ಇನ್ ಮದ್ವೆಗೆಲ್ಲ ಓಗಾಕಾಗಲ್ಲ," ಎನ್ನುತ್ತಾರೆ ಇಂದ್ರಾಣಿ.

ಸೆಲ್ವರಾಜ್ ನಾಲ್ಕೂ ಲಾಳ ಬಿಚ್ಚುತ್ತಾರೆ. ಅಳತೆಕೋಲು ನಿಲ್ಲಿಸಿ ಅಡ್ಡಪಟ್ಟಿಯನ್ನು ಗೌರಿಯ ಭುಜಕ್ಕೆ ಇಳಿಸುತ್ತಾರೆ. ಹದಿನಾಲ್ಕು ಹ್ಯಾಂಡ್ ಎರಡು ಇಂಚು; ಅಂದರೆ ಐವತ್ತೆಂಟು ಇಂಚು; 147.3 ಸೆಂಟಿಮೀಟರ್. 148ಕ್ಕೆ ಉಳಿದದ್ದು ಒಂದು ಬೆರಳಿನ ದಪ್ಪವೂ ಇಲ್ಲ. ಸೆಲ್ವರಾಜ್ ಗೌರಿಯ ಬೆನ್ನು ತಟ್ಟಿ, "ಕರ್ಕೊಂಡ್ ಹೋಗಮ್ಮಾ, ಧೈರ್ಯವಾಗಿ," ಎನ್ನುತ್ತಾರೆ.

ಮಧ್ಯಾಹ್ನ ಅವರ ಫೋನ್ ಬಡಿದುಕೊಳ್ಳುತ್ತದೆ. ಇಂದ್ರಾಣಿಯ ದನಿ ನನಗೂ ಕೇಳುವಷ್ಟು ಜೋರು: "ಅಣ್ಣೋ, ಇಲ್ಲೂ ಅಷ್ಟೇ ಬಂತು! ಗೌರಿ ಇಲ್ಲೇ ಇರ್ತಾಳೆ!"

ಸೆಲ್ವರಾಜ್ ಕಣ್ಣೊರೆಸಿಕೊಂಡು ಚೊಂಬನ್ನು ಬೋರಲು ಹಾಕುತ್ತಾರೆ.

"ಇನ್ಮೇಲೆ ಯಾರ್ ಬೇಕಾದ್ರೂ ಮತ್ತೆ ಅಳೀಲಿ ಸಾರ್," ಎನ್ನುತ್ತಾರೆ. "ಅಷ್ಟೇ ಬರುತ್ತೆ."