ಹಳತಾಗಿ ಬಂದ ಹೊಸ ಅಂಗಿ

ದುಡ್ಡು ಕೊಟ್ಟು ಹಳೆ ಅಂಗಿ ತಂದವನು ನಾನು. ಹಳೆಯದೆಂದರೆ ಯಾರೋ ತೊಟ್ಟು ಬಿಟ್ಟದ್ದಲ್ಲ. ಕಾರ್ಖಾನೆಯಲ್ಲೇ ಬಣ್ಣ ಮಾಸಿಸಿ, ಎದೆಯ ಮೇಲಿನ ಅಕ್ಷರಗಳಿಗೆ ಬಿರುಕು ಬಿಡಿಸಿ, ಅಜ್ಜನ ಕಾಲದಿಂದ ಒಗೆದಂತೆ ಕಾಣಲೆಂದೇ ತಯಾರಿಸಿದ ಹೊಚ್ಚಹೊಸ ಟೀ ಶರ್ಟು. ದೋಹಾದ ಮಾಲೊಂದರಲ್ಲಿ ನೇತಾಡುತ್ತಿತ್ತು, ಮನಸ್ಸು ಸೋತಿತು. ಮರುದಿನ ಹೆಂಡತಿ ಸುಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ರೀ, ಇದನ್ನ ನೆಲ ಒರೆಸೋಕೆ ತಗೊಳ್ಲಾ?" ಎಂದಳು. ಬೆಲೆಚೀಟಿ ತೋರಿಸಿದೆ. ಅಂಗಿಯನ್ನು ಬಿಟ್ಟು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

ಬೆಲೆಚೀಟಿಯ ಹಿಂದೆ ಒಂದು ಕಥೆಯೂ ಅಚ್ಚಾಗಿತ್ತು. ಅಮೆರಿಕದ ಯಾವುದೋ ಮೂಲೆಯ ಕಾಲೇಜು ತಂಡ, ಹೆಸರು 'ಮಡ್ಡಿ ಬೂಟ್ಸ್'. ಹೊಲದಿಂದ ನೇರ ಆಟಕ್ಕೆ ಬರುತ್ತಿದ್ದ ಹುಡುಗರನ್ನು ಪಟ್ಟಣದವರು 'ಕೆಸರು ಬೂಟಿನವರು' ಎಂದು ಹಂಗಿಸುತ್ತಿದ್ದರಂತೆ. ಹುಡುಗರು ಅದನ್ನೇ ಎದೆಯ ಮೇಲೆ ಬರೆಸಿಕೊಂಡರಂತೆ. ಅಂದಿನಿಂದ ನನಗೆ ಹೆಸರುಗಳ ಹುಚ್ಚು ಹಿಡಿಯಿತು. ನಮ್ಮ ಚಾಲುಕ್ಯರು ವರಾಹವನ್ನು ಲಾಂಛನ ಮಾಡಿಕೊಂಡು ರಾಜ್ಯವಾಳಿದವರು. ಕದಂಬರು ಬಾವುಟದಲ್ಲಿ ಕಪಿಗೆ ಜಾಗ ಕೊಟ್ಟವರು. ಅವರಿಗಿಲ್ಲದ ಸಂಕೋಚ ನಮಗೇಕೆ, ನಾವೇಕೆ ಎಲ್ಲರೂ ಟೈಗರ್ಸೇ ಆಗಬೇಕು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗಿದೆ.

ಟೈಗರ್ಸ್ ಎಂದಾಗ ನಮ್ಮದೇ ತಂಡದ ಮಾತು ಬಂತು, ಅದರ ಹೆಸರೂ ಟೈಗರ್ಸೇ. ಶುಕ್ರವಾರ ಬೆಳಿಗ್ಗೆ ದೋಹಾದ ಅಂಚಿನ ಮುಐದರ್‌ನ ಮರಳು ಬಯಲಿನಲ್ಲಿ ನಾವು ಕ್ರಿಕೆಟ್ ಆಡುತ್ತೇವೆ. ನಾಯಕರು ಮೂಲ್ಕಿ ಕಡೆಯ ಸದಾನಂದ ಶೆಟ್ಟರು. ಊರೊಳಗಿನ ಅಲ್ ಮುಂತಜಾ ಬಡಾವಣೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ, ಬೋರ್ಡಿನಲ್ಲಿ ಅವರದೇ ಹೆಸರು. ಮರಳಲ್ಲಿ ಚೆಂಡು ಪುಟಿಯುವುದಿಲ್ಲವಾದ್ದರಿಂದ ಯಾರದೋ ಮನೆಯ ಹಾಲ್‌ನಿಂದ ನಿವೃತ್ತಿಯಾದ ಗುಲಾಬಿ ಹೂಗಳ ಕಾರ್ಪೆಟ್ಟೇ ನಮ್ಮ ಪಿಚ್ಚು. ಅದನ್ನು ಶೆಟ್ಟರ ಪಿಕಪ್‌ನಲ್ಲಿ ಸುತ್ತಿ ಒಯ್ಯುತ್ತೇವೆ. ಕಂಡೊಡನೆ ಎದುರು ತಂಡದವರು "ಕಾರ್ಪೆಟ್‌ವಾಲೇ ಆ ಗಯೇ!" ಎಂದು ಹಂಗಿಸಿ ಕೂಗುತ್ತಾರೆ.

ಆ ಸಲದ ಟೂರ್ನಮೆಂಟಿಗೆ ಆಗಲೇ ಎರಡು ಟೈಗರ್ಸ್ ಸೇರಿದ್ದವು. ವಾರದೊಳಗೆ ಬೇರೆ ಹೆಸರು ಕೊಡದಿದ್ದರೆ ನಮಗೆ ಜಾಗವಿಲ್ಲ ಎಂದರು ನಡೆಸುವವರು. ಆ ಶುಕ್ರವಾರ ಆಟ ಮುಗಿಸಿ ಮರಳುವಾಗ ಪಿಕಪ್‌ನಲ್ಲಿ ನಾನು ಕದಂಬರಿಂದ ಶುರುಮಾಡಿ ಕೆಸರು ಬೂಟಿನವರೆಗೂ ಬಂದು, "ನಾವು ಕಾರ್ಪೆಟ್‌ವಾಲಾಸ್ ಅಂತಲೇ ಇಟ್ಟುಬಿಡೋಣ ಶೆಟ್ರೇ" ಎಂದೆ.

ಸಿಗ್ನಲ್ ದಾಟಿಸಿ ಶೆಟ್ಟರು ಹೇಳಿದರು:

"ನಾನು ಇಲ್ಲಿಗೆ ಬಂದ ಹೊಸತರಲ್ಲಿ ಮದುವೆ ಟೆಂಟಿಗೆ ಕಾರ್ಪೆಟ್ ಹಾಸ್ತಾ ಇದ್ದದ್ದು ಮಾರಾಯ್ರೆ. ನನ್ನ ಹೆಸರು ಯಾರೂ ಕೇಳ್ಲಿಲ್ಲ. 'ಏ ಕಾರ್ಪೆಟ್, ಯಲ್ಲಾ, ಬೇಗ ಬಾ' ಅಷ್ಟೇ. ಆ ಹೆಸರನ್ನು ಖಲಾಸ್ ಮಾಡ್ಲಿಕ್ಕೇ ನಾನು ಅಂಗಡಿ ಹಾಕಿದ್ದು. ನೀವು ಈಗ ಅದನ್ನೇ ಬೆನ್ನಿಗೆ ಬರೆಸುವ ಅಂತೀರಿ."

ನನಗೆ ನಾಚಿಕೆಯಾಯಿತು. ಕೆಸರು ಬೂಟಿನ ಕಥೆ ಓದಿ ನಾನು ಚಪ್ಪರಿಸಿದ್ದೆ. ಹಾಗೆ ಕರೆಸಿಕೊಂಡ ಹುಡುಗನ ಮುಖ ಹೇಗಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಟೂರ್ನಮೆಂಟ್ ಹೋದರೆ ಹೋಗಲಿ, ಶೆಟ್ಟರು ನನ್ನೊಡನೆ ಮುಂಚಿನಂತಿದ್ದರೆ ಸಾಕು ಅನ್ನಿಸಿತು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆ ಹತ್ತಿರ ನನ್ನನ್ನಿಳಿಸಿ ಅವರು ಹೋದರು. ಆ ವಾರವೆಲ್ಲ ಫೋನಿಲ್ಲ.

ಮುಂದಿನ ಶುಕ್ರವಾರ ಪಿಕಪ್ ಬಂತು. ಸೀಟಿನ ಮೇಲೆ ಜೆರ್ಸಿಗಳ ಕಟ್ಟು. ಬಿಚ್ಚಿದರೆ ಎದೆಯ ಮೇಲೊಂದು ಗುಲಾಬಿ, ಅದರಡಿ 'ಕಾರ್ಪೆಟ್‌ವಾಲಾಸ್'. ನಾನು ಬಾಯಿ ತೆರೆಯುವ ಮೊದಲೇ ಶೆಟ್ಟರು ಹೇಳಿದರು: "ಮಗಳಿಗೆ ಹೇಳಿದೆ ಮಾರಾಯ್ರೆ. ಅವಳಿಗೆ ಈ ಕಾರ್ಪೆಟ್ ಕಥೆ ಗೊತ್ತೇ ಇರ್ಲಿಲ್ಲ. 'ಡ್ಯಾಡಿ, ಇಷ್ಟು ವರ್ಷ ಸೀಕ್ರೆಟ್ ಯಾಕೆ?' ಅಂತ ಕೇಳಿದ್ಲು. ಮುಚ್ಚಿಡ್ಲಿಕ್ಕೆ ಅದರಲ್ಲಿ ಏನುಂಟು ಅಂತ ನನಗೂ ಕಂಡಿತು. ಟೂರ್ನಮೆಂಟಿನವರಿಗೆ ಇದೇ ಹೆಸರು ಕೊಟ್ಟು ಪ್ರಿಂಟಿಗೂ ಹಾಕಿದೆ."

ಸಮಾಧಾನದ ಉಸಿರು ಬಿಟ್ಟೆ. ಆದರೆ ಹುಟ್ಟುಗುಣ ನೋಡಿ, ಬಯಲು ತಲಪುವಷ್ಟರಲ್ಲಿ ನನ್ನೊಳಗಿನ ಪಂಡಿತ ಎದ್ದುಬಿಟ್ಟ. ಅಕ್ಷರಗಳು ಮಿರಮಿರ ಮಿಂಚುತ್ತಿದ್ದವು. "ಶೆಟ್ರೇ, ಇದಕ್ಕೆ ಸ್ವಲ್ಪ ಬಿರುಕು ಬಿಡಿಸಿದ್ದರೆ ಹಳೇ ತಂಡದ ಹಾಗೆ ಕಾಣ್ತಿತ್ತು" ಎಂದೆ.

ಶೆಟ್ಟರು ಕಾರ್ಪೆಟ್ಟನ್ನು ಹೆಗಲಿನಿಂದ ಮರಳಿಗಿಳಿಸಿ, ಒಂದೇ ಸಲಕ್ಕೆ ನೇರವಾಗಿ ಬಿಚ್ಚಿದರು. ಮದುವೆ ಟೆಂಟಿನ ಕೆಲಸವನ್ನು ಅವರ ಕೈ ಇನ್ನೂ ಮರೆತಿರಲಿಲ್ಲ.

"ಆಡಿ ಆಡಿ ಹಳತು ಮಾಡ್ಲಿಕ್ಕೆ ನಾವಿದ್ದೇವಲ್ಲ ಮಾರಾಯ್ರೆ" ಎಂದರು. "ಆ ಕೊನೆ ಹಿಡೀರಿ."