ಮೂಗು ಸತ್ತಿದ್ದಕ್ಕೆ ಬಡ್ತಿ

ನಮ್ಮ ಭಾವನಿಗೆ ಬಡ್ತಿ ಸಿಕ್ಕಿದ್ದು ಮೂಗು ಸತ್ತಿದ್ದಕ್ಕೆ. ತಮಾಷೆಗೆ ಹೇಳುತ್ತಿಲ್ಲ.

ಅವರಿದ್ದದ್ದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ. ಮುಂದೆ ಇಸ್ತ್ರಿ ಮೇಜು. ಹಿಂದಿನ ಕೋಣೆಯಲ್ಲಿ ಯಂತ್ರ, ಕಲೆ ತೆಗೆಯುವ ಕೆಮಿಕಲ್ಲಿನ ಡ್ರಮ್ಮು. ದೂಳು ಬರುತ್ತದೆಂದು ಅಲ್ಲಿನ ಒಂದೇ ಕಿಟಕಿಗೂ ಹಲಗೆ ಹೊಡೆದಿದ್ದರು. ಆ ಘಾಟಿಗೆ ತಲೆ ಸಿಡಿಯುತ್ತಿದ್ದರಿಂದ ಕೆಲಸದವರು ಸರದಿಯ ಮೇಲೆ ಒಳಗೆ ಹೋಗುತ್ತಿದ್ದರು. ಹಾಗೆ ವರ್ಷಗಟ್ಟಲೆ ದುಡಿದ ಮೇಲೆ ಒಂದು ದಿನ, ಎದುರಿಗೇ ಹಾಲು ಸೀದುಹೋದರೂ ಭಾವನಿಗೆ ವಾಸನೆ ತಿಳಿಯಲಿಲ್ಲ. ಅಕ್ಕ ಚೆನ್ನಾಗಿ ಬೆಂಡೆತ್ತಿದಳು.

ಸುದ್ದಿ ಯಜಮಾನರ ಕಿವಿಗೂ ಬಿತ್ತು. "ವಾಸನೇನೇ ಬರಲ್ವಾ? ಹಾಗಾದ್ರೆ ಈ ಕೆಲ್ಸ ನಿನಗಂತಾನೇ ಇರೋದು ಕಣಯ್ಯ!" ಎಂದು ಬೆನ್ನು ತಟ್ಟಿ, ಹಿಂದಿನ ಕೋಣೆಯನ್ನು ಪೂರ್ತಿ ಭಾವನ ಕೊರಳಿಗೆ ಕಟ್ಟಿದರು. ಸಂಬಳವೂ ಒಂದಿಷ್ಟು ಏರಿತು. ನಾವೆಲ್ಲ ಸಿಹಿ ತಿಂದೆವು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ರೇಷ್ಮೆಯ ಮೇಲಿನ ಶಾಯಿ ಕಲೆಯನ್ನು ಎಳೆ ಜಗ್ಗದಂತೆ ಎತ್ತುತ್ತಿದ್ದ ಕೈ ಕ್ರಮೇಣ ನಡುಗತೊಡಗಿತು. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಮುಖದಲ್ಲಿ ನಗು ಮೂಡುವುದೇ ನಿಂತಿತು. ಬಡ್ತಿ ಸಿಕ್ಕಿ ಸೊಕ್ಕು ಬಂದಿದೆ ಎಂದರು ನೆಂಟರು.

"ಪಾರ್ಕಿನ್ಸನ್ ಕಾಯಿಲೆ," ಎಂದರು ಡಾಕ್ಟರಮ್ಮ. "ಮಿದುಳಿನ ಜೀವಕೋಶದೊಳಗೆ ಒಂದು ಪ್ರೋಟೀನು ಗಂಟುಗಟ್ಕೊಳ್ಳುತ್ತೆ, ಕೋಶಗಳು ಸಾಯ್ತಾ ಹೋಗ್ತವೆ. ಕೈ ನಡುಗೋಕೆ ಎಷ್ಟೋ ವರ್ಷ ಮೊದ್ಲೇ ವಾಸನೆ ಹೋಗಿರ್ಬಹುದು."

"ಅಂಗಡಿ ಕೆಮಿಕಲ್ಲಿಂದ್ಲೇ ಬಂತಾ?" ಎಂದೆ.

"ಇವರಿಗೆ ಅದರಿಂದ್ಲೇ ಬಂತು ಅಂತ ಆಣೆ ಇಟ್ಟು ಹೇಳಕ್ಕಾಗಲ್ಲ. ಆದ್ರೆ ಅಂಥ ಕೆಲವು ಕೆಮಿಕಲ್ಲು ಅಪಾಯ ಹೆಚ್ಚಿಸುತ್ತೆ ಅನ್ನೋದಕ್ಕೆ ಪುರಾವೆ ಇದೆ."

ಪ್ರೋಟೀನಿನ ಗಂಟು ಕಣ್ಣಿಗೆ ಕಾಣುವುದಿಲ್ಲ, ಒಪ್ಪಿದೆ. ಕಿಟಕಿಗೆ ಹೊಡೆದ ಹಲಗೆಯೂ ಕಾಣುತ್ತಿರಲಿಲ್ಲವೇ?

ಭಾವ ಕೆಲಸ ಬಿಟ್ಟ ಮೇಲೆ ಯಜಮಾನರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು. "ಇವನ ಜಾಗಕ್ಕೆ ನೀನೇ ಬಾಮ್ಮ. ಹೊರಗಿನವ್ರಿಗೆ ಯಾಕೆ ಕೊಡ್ಲಿ?" ಎಂದು ಅಕ್ಕನಿಗೆ ಹೇಳಿದರು. ಮನೆ ನಡೆಯಬೇಕಿತ್ತು. ಅವಳು ಕೈಮುಗಿದು ಒಪ್ಪಿಕೊಂಡಳು.

ಭಾವ ತಡವರಿಸುತ್ತ ಬಾಯಿ ಬಿಟ್ಟರು. "ನಿಮ್ ಮಗ ಇದಾನಲ್ಲ ಯಜಮಾನ್ರೇ... ಅವನನ್ನ ಹಾಕಿ."

"ಅಯ್ಯೋ, ಅವನನ್ನ ಆ ರೂಮಿಗೆ ನಾನು ಒಂದ್ ದಿನಾನೂ ಬಿಟ್ಟಿಲ್ಲಪ್ಪ! ಇದರ ಗಾಳಿ ಕುಡೀಬಾರ್ದು ಅಂತ ಡ್ರಮ್ಮಿನ ಮೇಲೇ ಬರೆದಿರುತ್ತಲ್ಲ," ಎಂದವರು ನಾಲಿಗೆ ಕಚ್ಚಿಕೊಂಡರು.

ಅಕ್ಕ ಮುಗಿದ ಕೈ ಇಳಿಸಿದಳು. "ಓದಿದ್ರಾ ನೀವು? ಇವರಿಗೆ ಯಾಕೆ ಹೇಳ್ಲಿಲ್ಲ?"

"ಇವನು ಕೇಳ್ಲೇ ಇಲ್ವಲ್ಲಮ್ಮ."

"ನಾನು ಬರಲ್ಲ," ಎಂದಳು ಅಕ್ಕ. "ಇನ್ನು ಆ ರೂಮಿಗೆ ಯಾರನ್ನ ಕಳಿಸ್ತೀರೋ, ಅವರು ಕೇಳದಿದ್ರೂ ನಾನೇ ಬಂದು ಹೇಳ್ತೀನಿ."